ದೆಹಲಿ ಮ್ಯೂಸಿಯಂನಲ್ಲಿ 4,500 ವರ್ಷದ ತೂಕದ ಕಲ್ಲು: ನೋಡೋದು ಹೇಗೆ? ನಮ್ಮೂರಿಗೆ ಅದರಿಂದ ಪಾಠ ಏನು?

ದೆಹಲಿ ಟೂರ್ ಅಂದ್ರೆ ನಮ್ಮ ಕಡೆಯವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಕೆಂಪುಕೋಟೆ, ಕುತುಬ್ ಮಿನಾರ್, ರಾಜಘಾಟ್, ಇಂಡಿಯಾ ಗೇಟ್ ಮುಂದೆ ಒಂದು ಫೋಟೊ, ಸಂಜೆ ಕರೋಲ್ ಬಾಗ್‌ನಲ್ಲಿ ಖರೀದಿ. ಮರುದಿನ ಆಗ್ರಾ ಬಸ್. ಇಂಡಿಯಾ ಗೇಟ್‌ನಿಂದ ಅಷ್ಟೇನೂ ದೂರವಿಲ್ಲದ ಜನಪಥ್ ರಸ್ತೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯ, ಅಂದರೆ ನ್ಯಾಷನಲ್ ಮ್ಯೂಸಿಯಂ, ಈ ಪಟ್ಟಿಯಲ್ಲಿ ಇರೋದೇ ಅಪರೂಪ. "ಹಳೇ ಕಲ್ಲು, ಒಡೆದ ಮಡಕೆ, ಅದರಲ್ಲಿ ನೋಡೋದೇನಿದೆ?" ಅನ್ನೋದು ಸಾಮಾನ್ಯ ಮಾತು.

ಆದರೆ ಅಂಗಡಿ ಇಟ್ಟುಕೊಂಡವರು, ತಕ್ಕಡಿ ಹಿಡಿದವರು, ಹೊಲ ಉಳುವವರು, ಮನೆ ಕಟ್ಟಿಸಲು ಪಾಯ ತೋಡಿಸುವವರು ನೋಡಲೇಬೇಕಾದ ಕೆಲವು ವಸ್ತುಗಳು ಅಲ್ಲಿವೆ. ಅವುಗಳ ಬಗ್ಗೆ ಸ್ವಲ್ಪ ತಿಳಿದುಕೊಂಡು ಹೋದರೆ ಎರಡು ಮೂರು ಗಂಟೆ ಹೋಗೋದೇ ಗೊತ್ತಾಗಲ್ಲ. ಜೊತೆಗೆ ನಮ್ಮದೇ ತಾಲ್ಲೂಕಿನ ನೆಲದಲ್ಲಿ ಹಳೆಯ ವಸ್ತು ಸಿಕ್ಕರೆ ಏನು ಮಾಡಬೇಕು, ಯಾಕೆ ಹಾಗೆ ಮಾಡಬೇಕು ಅನ್ನೋದೂ ಅಲ್ಲೇ ಅರ್ಥವಾಗುತ್ತೆ.

ಮ್ಯೂಸಿಯಂ ಹುಟ್ಟಿದ ಬಗೆ

1947-48ರ ಚಳಿಗಾಲದಲ್ಲಿ ಲಂಡನ್‌ನಲ್ಲಿ ಭಾರತೀಯ ಕಲೆಯ ದೊಡ್ಡ ಪ್ರದರ್ಶನವೊಂದು ನಡೆಯಿತು. ಅದಕ್ಕಾಗಿ ದೇಶದ ಬೇರೆ ಬೇರೆ ಕಡೆಯ ಮ್ಯೂಸಿಯಂಗಳಿಂದ ಶಿಲ್ಪ, ಚಿತ್ರ, ನಾಣ್ಯಗಳನ್ನು ಹಡಗಿನಲ್ಲಿ ಕಳಿಸಲಾಗಿತ್ತು. ಅವು ವಾಪಸ್ ಬಂದಾಗ, ಮತ್ತೆ ಚದುರಿಸುವ ಮೊದಲು ನಮ್ಮ ಜನರೂ ಒಮ್ಮೆ ನೋಡಲಿ ಎಂದು ದೆಹಲಿಯ ರಾಷ್ಟ್ರಪತಿ ಭವನದಲ್ಲೇ ಪ್ರದರ್ಶನಕ್ಕೆ ಇಟ್ಟರು. ಜನ ಮುಗಿಬಿದ್ದು ನೋಡಿದರು. ಇವೆಲ್ಲ ಒಂದೇ ಕಡೆ ಉಳಿದರೆ ಚೆನ್ನ ಎಂಬ ಯೋಚನೆ ಆಗ ಗಟ್ಟಿಯಾಯಿತು.

ಹೀಗೆ 1949ರ ಆಗಸ್ಟ್ 15ರಂದು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ರಾಷ್ಟ್ರಪತಿ ಭವನದಲ್ಲೇ ಮ್ಯೂಸಿಯಂ ಉದ್ಘಾಟಿಸಿದರು. ಜನಪಥ್‌ನ ಈಗಿನ ಕಟ್ಟಡಕ್ಕೆ 1955ರಲ್ಲಿ ಪ್ರಧಾನಿ ನೆಹರೂ ಅಡಿಗಲ್ಲು ಹಾಕಿದರು. 1960ರ ಡಿಸೆಂಬರ್ 18ರಂದು ಉಪರಾಷ್ಟ್ರಪತಿ ಡಾ. ಎಸ್. ರಾಧಾಕೃಷ್ಣನ್ ಅದನ್ನು ಉದ್ಘಾಟಿಸಿದರು. ಇಂದು ಸಂಗ್ರಹದಲ್ಲಿರುವ ವಸ್ತುಗಳು 2 ಲಕ್ಷಕ್ಕೂ ಹೆಚ್ಚು. ಎಲ್ಲವನ್ನೂ ಹೊರಗೆ ಇಟ್ಟಿರುವುದಿಲ್ಲ. ಹೊರಗಿರುವುದನ್ನೂ ಒಂದೇ ದಿನ ನೋಡಿ ಮುಗಿಸೋಕೆ ಆಗಲ್ಲ. ಆದ್ದರಿಂದ ಆರಿಸಿಕೊಂಡು ನೋಡುವುದೇ ಜಾಣತನ.

ಮೊದಲು ತೂಕದ ಕಲ್ಲು ನೋಡಿ

ಮೊದಲು ಹೋಗಬೇಕಾದದ್ದು ಹರಪ್ಪ ನಾಗರಿಕತೆಯ ಗ್ಯಾಲರಿಗೆ. ಎಲ್ಲರೂ ಅಲ್ಲಿ ನರ್ತಕಿಯ ಕಂಚಿನ ಬೊಂಬೆ ಹುಡುಕುತ್ತಾರೆ. ವ್ಯಾಪಾರಸ್ಥರು ಮಾತ್ರ ಮೊದಲು ತೂಕದ ಕಲ್ಲುಗಳನ್ನು ಹುಡುಕಬೇಕು.

ನೋಡೋಕೆ ಅಂಥ ವಿಶೇಷ ಏನೂ ಕಾಣಲ್ಲ. ಗಟ್ಟಿ ಕಲ್ಲನ್ನು ದಾಳದ ಹಾಗೆ ಆರು ಮುಖಕ್ಕೂ ಕತ್ತರಿಸಿ ನುಣುಪು ಮಾಡಿದ ಸಣ್ಣ ಸಣ್ಣ ತುಂಡುಗಳು. ನಮ್ಮಲ್ಲಿ ಕಬ್ಬಿಣದ್ದಾದರೂ ತೂಕದ 'ಕಲ್ಲು' ಅಂತಲೇ ಕರೆಯುತ್ತೇವಲ್ಲ, ಇವು ನಿಜವಾಗಿಯೂ ಕಲ್ಲೇ.

ಲೆಕ್ಕ ನೋಡಿ. ಅತಿ ಸಣ್ಣ ಅಳತೆ ಸುಮಾರು 0.86 ಗ್ರಾಮ್. ಅದರ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು, ಹದಿನಾರರಷ್ಟು, ಹೀಗೆ ದುಪ್ಪಟ್ಟಾಗುತ್ತಾ 64ರವರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ 160, 320, 640 ಎಂದು ಹತ್ತರ ಲೆಕ್ಕ ಸೇರಿಕೊಳ್ಳುತ್ತದೆ. ದೊಡ್ಡ ಕಲ್ಲುಗಳಲ್ಲಿ 10 ಕೆ.ಜಿ. ದಾಟಿದ್ದೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿರುವುದು ಹದಿನಾರರ ಕಲ್ಲು, ಅಂದರೆ ಸುಮಾರು 13.7 ಗ್ರಾಮ್ ತೂಕದ್ದು. ನಮ್ಮ ತೊಲಕ್ಕಿಂತ ಎರಡು ಗ್ರಾಮ್ ಹೆಚ್ಚು.

ಈ ದುಪ್ಪಟ್ಟಿನ ಲೆಕ್ಕ ಯಾಕೆ ಅನ್ನೋದು ತಕ್ಕಡಿ ಹಿಡಿದವರಿಗೆ ತಕ್ಷಣ ಹೊಳೆಯುತ್ತದೆ. 1, 2, 4, 8 ಈ ನಾಲ್ಕೇ ಕಲ್ಲು ಕೈಲಿದ್ದರೆ 1ರಿಂದ 15ರವರೆಗೆ ಯಾವ ತೂಕವನ್ನಾದರೂ ತೂಗಬಹುದು. ಮೂರು ಬೇಕಾದರೆ 1 ಮತ್ತು 2. ಹದಿಮೂರು ಬೇಕಾದರೆ 8, 4, 1. ಕಡಿಮೆ ಕಲ್ಲು, ಪೂರ್ತಿ ವ್ಯಾಪಾರ. ರೂಪಾಯಿಗೆ 16 ಆಣೆ, ಸೇರಿಗೆ 16 ಛಟಾಕು ಎಂದು ಲೆಕ್ಕ ಹಾಕಿದ ಹಿರಿಯರಿಗೆ ಈ ಹದಿನಾರು ಹೊಸದೇನಲ್ಲ. ದಶಮಾಂಶದ ನಾಣ್ಯ ನಮ್ಮಲ್ಲಿ ಬಂದಿದ್ದೇ 1957ರ ಏಪ್ರಿಲ್ 1ರಂದು.

ಇನ್ನೂ ಒಂದು ಸಂಗತಿ ಇದೆ. ಹರಪ್ಪಕ್ಕೂ ಮೊಹೆಂಜೊದಾರೊಗೂ ನಡುವೆ ಸುಮಾರು 640 ಕಿ.ಮೀ. ದೂರ. ಗುಜರಾತಿನ ಲೋಥಲ್ ಇನ್ನೂ ದೂರ. ಆದರೂ ಎಲ್ಲೆಡೆ ತೂಕದ ಲೆಕ್ಕ ಒಂದೇ. ಇಂದು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ತಕ್ಕಡಿ, ಬಟ್ಟು ಪರೀಕ್ಷಿಸಿ ಮುದ್ರೆ ಹಾಕಿ ಹೋಗುತ್ತಾರೆ. ಸುಮಾರು 4,500 ವರ್ಷದ ಹಿಂದೆ ಅದೇ ಕೆಲಸವನ್ನು ಯಾವುದೋ ಒಂದು ವ್ಯವಸ್ಥೆ ಮಾಡುತ್ತಿತ್ತು ಎಂಬುದಕ್ಕೆ ಈ ಕಲ್ಲುಗಳೇ ಸಾಕ್ಷಿ.

ಕಲ್ಲಿಗಿಂತ ಅದು ಸಿಕ್ಕ ಜಾಗ ಮುಖ್ಯ

ಇಲ್ಲಿಗೆ ಬಂದಾಗ ಮ್ಯೂಸಿಯಂನ ಅಸಲಿ ವಿಷಯ ತೆರೆದುಕೊಳ್ಳುತ್ತದೆ. ಹರಪ್ಪ ನಗರದಲ್ಲಿ ಅಗೆತ ಮಾಡಿದ ತಜ್ಞರಿಗೆ ಇಂಥ ತೂಕದ ಕಲ್ಲುಗಳು ಹೆಚ್ಚಾಗಿ ಸಿಕ್ಕಿದ್ದು ಊರ ಹೆಬ್ಬಾಗಿಲಿನ ಹತ್ತಿರ. ಒಳಗೆ ಬರುವ ಸರಕನ್ನು ಅಲ್ಲೇ ತೂಗಿ ಸುಂಕ ವಸೂಲಿ ಮಾಡುತ್ತಿದ್ದಿರಬೇಕು ಎಂಬುದು ಅವರ ಅಭಿಪ್ರಾಯ. ಒಂದು ರೀತಿಯ ಚೆಕ್‌ಪೋಸ್ಟ್ ಅನ್ನಿ.

ಈಗ ಯೋಚಿಸಿ. ಅದೇ ಕಲ್ಲನ್ನು ಯಾರೋ ಕಿತ್ತು ತಂದು ಪೇಟೆಯಲ್ಲಿ ಮಾರಿದ್ದರೆ? ಅದು ಬರೀ ಒಂದು ನುಣುಪು ಕಲ್ಲು. ಬಾಗಿಲು ಇಲ್ಲ, ಸುಂಕ ಇಲ್ಲ, ವ್ಯಾಪಾರದ ಕಥೆಯೇ ಇಲ್ಲ. ಅದಕ್ಕೆ ಬೆಲೆ ತಂದುಕೊಟ್ಟಿದ್ದು ಅದು ಎಲ್ಲಿ, ಯಾವ ಮಣ್ಣಿನ ಪದರದಲ್ಲಿ, ಯಾವುದರ ಪಕ್ಕದಲ್ಲಿ ಸಿಕ್ಕಿತು ಎಂಬ ದಾಖಲೆ. ಬಿಲ್ ಇಲ್ಲದ ಮಾಲಿಗೆ ಲೆಕ್ಕದಲ್ಲಿ ಹೇಗೆ ಜಾಗ ಇರೋದಿಲ್ಲವೋ, ಜಾಗ ಗೊತ್ತಿಲ್ಲದ ವಸ್ತುವಿಗೆ ಇತಿಹಾಸದಲ್ಲಿ ಹಾಗೇ.

ಮುದ್ರೆ ಅಂದರೆ ಮೂಟೆಯ ಮಾರ್ಕು

ಅದೇ ಗ್ಯಾಲರಿಯಲ್ಲಿ ಒಂದಿಂಚು, ಒಂದೂವರೆ ಇಂಚಿನ ಚೌಕಾಕಾರದ ಕಲ್ಲಿನ ಮುದ್ರೆಗಳಿವೆ. ಒಂಟಿ ಕೊಂಬಿನ ಪ್ರಾಣಿ, ಗೂಳಿ, ಆನೆ, ಮೇಲ್ಗಡೆ ಇಂದಿಗೂ ಓದಲಾಗದ ಲಿಪಿ. ಪ್ರಾಣಿಗಳ ನಡುವೆ ಕುಳಿತ ಕೊಂಬಿನ ಕಿರೀಟದ ಆಕೃತಿಯಿರುವ 'ಪಶುಪತಿ' ಮುದ್ರೆ ಎಂದು ಹೆಸರಾದದ್ದೂ ಈ ಮ್ಯೂಸಿಯಂನದೇ.

ಈ ಮುದ್ರೆಗಳ ಉಪಯೋಗ ಏನು? ಲೋಥಲ್‌ನ ಉಗ್ರಾಣದಲ್ಲಿ ಮುದ್ರೆ ಒತ್ತಿದ ಮಣ್ಣಿನ ಬಿಲ್ಲೆಗಳು ಸಿಕ್ಕಿವೆ. ಬಿಲ್ಲೆಯ ಮುಂಭಾಗದಲ್ಲಿ ಮುದ್ರೆಯ ಗುರುತು. ಹಿಂಭಾಗದಲ್ಲಿ ಬಟ್ಟೆ, ಚಾಪೆ, ಹಗ್ಗದ ಅಚ್ಚು. ಅಂದರೆ ಮೂಟೆ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಪಾರ್ಸೆಲ್ ಮೇಲೆ ಮಾರ್ಕು ಹಾಕುವ ಹಾಗೆ. ಮುದ್ರೆ ಒಡೆದಿದ್ದರೆ ಮೂಟೆ ಬಿಚ್ಚಿದ್ದಾರೆ ಅಂತ ಅರ್ಥ. ಇಲ್ಲೂ ಅಷ್ಟೇ, ಆ ಮಣ್ಣಿನ ಬಿಲ್ಲೆ ಉಗ್ರಾಣದೊಳಗೆ ಸಿಕ್ಕಿದ್ದರಿಂದಲೇ ಇಷ್ಟು ತಿಳಿಯಿತು.

ಹತ್ತೂವರೆ ಸೆಂಟಿಮೀಟರ್‌ನ ನರ್ತಕಿ

ಪಠ್ಯಪುಸ್ತಕದಲ್ಲಿ ನೋಡಿ ಬೆಳೆದ 'ಮೊಹೆಂಜೊದಾರೊ ನರ್ತಕಿ' ಎದುರು ನಿಂತಾಗ ಎಲ್ಲರಿಗೂ ಆಶ್ಚರ್ಯ ಆಗೋದು ಅದರ ಗಾತ್ರಕ್ಕೆ. ಎತ್ತರ ಬರೀ 10.5 ಸೆಂ.ಮೀ. ಅಂಗೈಯಲ್ಲಿ ಹಿಡಿಯಬಹುದು. 1926ರಲ್ಲಿ ಅಗೆತದಲ್ಲಿ ಸಿಕ್ಕಿದ್ದು. ಒಂದು ಕೈ ಸೊಂಟದ ಮೇಲೆ, ಎಡಗೈ ತುಂಬ ಬಳೆ, ಮುಖದಲ್ಲಿ ಯಾರಿಗೂ ಸೊಪ್ಪು ಹಾಕದ ಗತ್ತು.

ಮೊದಲು ಮೇಣದಲ್ಲಿ ಬೊಂಬೆ ಮಾಡಿ, ಸುತ್ತ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿಬಿಟ್ಟು, ಆ ಖಾಲಿ ಜಾಗಕ್ಕೆ ಕರಗಿದ ಲೋಹ ಹೊಯ್ಯುವ ವಿಧಾನದಲ್ಲಿ ಮಾಡಿದ್ದು ಇದು. ಇಂದಿಗೂ ವಿಗ್ರಹ ಎರಕ ಹೊಯ್ಯುವವರು ಬಳಸುವ ವಿಧಾನ ಇದೇ.

ಮೊಹೆಂಜೊದಾರೊ ಇರೋದು ಪಾಕಿಸ್ತಾನದ ಸಿಂಧ್‌ನಲ್ಲಿ. ಹಾಗಾದರೆ ನರ್ತಕಿ ದೆಹಲಿಯಲ್ಲಿ ಹೇಗೆ? ದೇಶ ವಿಭಜನೆಯಾದಾಗ ಹಣ, ಮೇಜು ಕುರ್ಚಿಗಳ ಜೊತೆ ಅಗೆತದ ವಸ್ತುಗಳೂ ಪಾಲಾದವು. ನರ್ತಕಿ ಭಾರತದ ಪಾಲಿಗೆ ಬಂದಳು. ಗಡ್ಡದ 'ಪುರೋಹಿತ ರಾಜ'ನ ಶಿಲ್ಪ ಇಂದು ಕರಾಚಿಯ ಮ್ಯೂಸಿಯಂನಲ್ಲಿದೆ. ಒಂದು ಕಂಠಹಾರವನ್ನೂ, ಉದ್ದನೆಯ ಕೆಂಪು ಮಣಿಗಳ ಸೊಂಟಪಟ್ಟಿಯನ್ನೂ ಬಿಡಿಸಿ ಮಣಿಗಳನ್ನೇ ಎರಡು ಪಾಲು ಮಾಡಿದರು. ಅಣ್ಣತಮ್ಮಂದಿರು ಆಸ್ತಿ ಭಾಗ ಮಾಡಿಕೊಂಡಾಗ ತಾಯಿಯ ಸರ ತುಂಡಾದ ಹಾಗೆ.

ಐಹೊಳೆಯ ಗಂಧರ್ವರು ದೆಹಲಿಯಲ್ಲಿ

ಶಿಲ್ಪಗಳ ಗ್ಯಾಲರಿಯಲ್ಲಿ ಕನ್ನಡಿಗರು ನಿಂತು ನೋಡಬೇಕಾದದ್ದು ಹಾರುವ ಗಂಧರ್ವ ಜೋಡಿಯ ಶಿಲ್ಪ. 7ನೇ ಶತಮಾನದ್ದು, ಬಾದಾಮಿ ಚಾಲುಕ್ಯರ ಕಾಲದ್ದು, ಬಾಗಲಕೋಟೆ ಜಿಲ್ಲೆಯ ಐಹೊಳೆಯಿಂದ ಹೋದದ್ದು. ಭಾರವಾದ ಮರಳುಗಲ್ಲು ಗಾಳಿಯಲ್ಲಿ ತೇಲುವಂತೆ ಕಾಣುತ್ತದೆ. ಐಹೊಳೆಯದೇ ಹುಚ್ಚಪ್ಪಯ್ಯ ಗುಡಿಯ ಛಾವಣಿಯ ದೊಡ್ಡ ಶಿಲ್ಪಫಲಕಗಳು ಮುಂಬಯಿಯ ಮ್ಯೂಸಿಯಂನಲ್ಲಿವೆ.

"ನಮ್ಮದು ಅಲ್ಲಿಗ್ಯಾಕೆ ಹೋಯಿತು?" ಎಂಬ ಪ್ರಶ್ನೆ ಸಹಜ. ದೆಹಲಿಗೆ ಬರುವ ಲಕ್ಷಾಂತರ ಜನ ಅದನ್ನು ನೋಡುತ್ತಾರೆ, ಮಳೆಬಿಸಿಲಿನಿಂದಲೂ ಕಳ್ಳರಿಂದಲೂ ಅದು ಸುರಕ್ಷಿತ ಎಂಬುದು ಒಂದು ಕಡೆ. ಗುಡಿಯ ಯಾವ ಗೋಡೆಯಲ್ಲಿ, ಯಾವ ಕಂಬದ ಮೇಲೆ, ಯಾವ ದೇವರತ್ತ ಅವರು ಹಾರುತ್ತಿದ್ದರು ಎಂಬ ನೋಟ ದೆಹಲಿಯಲ್ಲಿ ಸಿಗುವುದಿಲ್ಲ ಎಂಬುದು ಇನ್ನೊಂದು ಕಡೆ. ಅದಕ್ಕೇ ದೆಹಲಿ ನೋಡಿದವರು ಐಹೊಳೆಗೂ ಹೋಗಬೇಕು. ಹೆಸರು, ಊರು ದಾಖಲೆಯಲ್ಲಿ ಇರುವುದರಿಂದ ಕನಿಷ್ಠ ಆ ಎರಡು ತುದಿಗಳನ್ನು ಜೋಡಿಸಿ ನೋಡಲು ಸಾಧ್ಯ.

ಫಲಕ ಓದೋದು ಹೇಗೆ?

ಪ್ರತಿ ವಸ್ತುವಿನ ಕೆಳಗೆ ಸಣ್ಣ ಫಲಕ ಇರುತ್ತದೆ. ಹೆಚ್ಚಿನವರು ಅದನ್ನು ಓದದೆ ಮುಂದೆ ಹೋಗುತ್ತಾರೆ. ನಾಲ್ಕು ವಿಷಯ ನೋಡಿಕೊಂಡರೆ ಸಾಕು.

1. ಊರು: ವಸ್ತು ಸಿಕ್ಕಿದ ಜಾಗ. ಮೊದಲು ಓದಬೇಕಾದದ್ದು ಇದನ್ನೇ.

2. ಕಾಲ: 'ಕ್ರಿ.ಪೂ. 2500' ಎಂದಿದ್ದರೆ ಅದಕ್ಕೆ ಇಂದಿನ ಎರಡು ಸಾವಿರ ಚಿಲ್ಲರೆ ವರ್ಷ ಕೂಡಿಸಿ, ಸುಮಾರು 4,500 ವರ್ಷದ ಹಿಂದಿನದು. '7ನೇ ಶತಮಾನ' ಎಂದರೆ 700ರ ನಂತರ ಅಲ್ಲ, 600ರಿಂದ 700ರ ನಡುವಿನದು.

3. ಯಾವುದರಿಂದ ಮಾಡಿದ್ದು: ಕಂಚೋ, ಮರಳುಗಲ್ಲೋ, ಸುಟ್ಟ ಮಣ್ಣೋ.

4. ನಂಬರ್: ಇದು ಮ್ಯೂಸಿಯಂನ ಸ್ಟಾಕ್ ರಿಜಿಸ್ಟರ್ ನಂಬರ್ ಇದ್ದ ಹಾಗೆ. ಈ ನಂಬರ್ ಹಿಡಿದರೆ ವಸ್ತು ಎಲ್ಲಿಂದ, ಯಾವಾಗ, ಯಾರ ಮೂಲಕ ಬಂತು ಎಂಬ ದಾಖಲೆ ಸಿಗುತ್ತದೆ. ವಸ್ತು ಕಳುವಾದರೆ ಅದು ನಮ್ಮದು ಎಂದು ಸಾಬೀತು ಮಾಡಲೂ ಬೇಕಾಗುವುದು ಇದೇ.

ಹೋಗುವವರಿಗೆ

* ಸೋಮವಾರ ರಜೆ. ಕೆಂಪುಕೋಟೆಗೂ ಸೋಮವಾರವೇ ರಜೆ. ಟೂರ್ ಪ್ಲಾನ್ ಮಾಡುವಾಗ ಇದು ನೆನಪಿರಲಿ.
* ಮೆಟ್ರೋದಲ್ಲಿ ಸೆಂಟ್ರಲ್ ಸೆಕ್ರೆಟೇರಿಯಟ್ ಸ್ಟೇಷನ್‌ನಲ್ಲಿ ಇಳಿಯಿರಿ. ರೈಲಿನಲ್ಲಿ ನ್ಯೂಡೆಲ್ಲಿ ಸ್ಟೇಷನ್‌ಗೆ ಬಂದವರಿಗೆ ಅಲ್ಲಿಂದ ಹಳದಿ ಲೈನ್‌ನಲ್ಲಿ ಮೂರನೇ ನಿಲ್ದಾಣ.
* ಭಾರತೀಯ ವಯಸ್ಕರಿಗೆ ಟಿಕೆಟ್ 20 ರೂ. ಇತ್ತು. ದರ, ಸಮಯ ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ಮ್ಯೂಸಿಯಂನ ವೆಬ್‌ಸೈಟ್ ನೋಡಿಕೊಳ್ಳಿ. ಗುರುತಿನ ಚೀಟಿ ಜೊತೆಗಿರಲಿ.
* ದುರಸ್ತಿಗಾಗಿ ಕೆಲವು ಗ್ಯಾಲರಿ ಮುಚ್ಚಿರುವುದುಂಟು. ರಾಷ್ಟ್ರಪತಿ ಭವನದ ಎದುರಿನ ನಾರ್ತ್ ಬ್ಲಾಕ್, ಸೌತ್ ಬ್ಲಾಕ್ ಕಟ್ಟಡಗಳಲ್ಲಿ 'ಯುಗೇ ಯುಗೀನ ಭಾರತ' ಹೆಸರಿನ ಹೊಸ ರಾಷ್ಟ್ರೀಯ ಮ್ಯೂಸಿಯಂ ಮಾಡುವ ಯೋಜನೆಯೂ ನಡೆದಿದೆ. ಹಾಗಾಗಿ ಯಾವುದು ಎಲ್ಲಿದೆ ಎಂದು ಕೌಂಟರ್‌ನಲ್ಲೇ ಕೇಳಿ.
* ಮಕ್ಕಳಿದ್ದರೆ ಎಲ್ಲ ಗ್ಯಾಲರಿ ಸುತ್ತಿಸಬೇಡಿ. ಹರಪ್ಪ, ಶಿಲ್ಪ, ನಾಣ್ಯ, ಇಷ್ಟು ಸಾಕು.

ದೆಹಲಿ ದೂರ ಅನ್ನುವವರಿಗೆ

ಬಾದಾಮಿ, ಐಹೊಳೆ, ಹಂಪಿ ಬಳಿಯ ಕಮಲಾಪುರ, ಹಳೇಬೀಡು, ವಿಜಯಪುರದ ಗೋಳಗುಮ್ಮಟದ ಆವರಣ, ಇಲ್ಲೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿವೆ. ಸಾಮಾನ್ಯವಾಗಿ ಇವುಗಳಿಗೆ ರಜೆ ಶುಕ್ರವಾರ. ಇವುಗಳ ಲಾಭ ಏನೆಂದರೆ ವಸ್ತು ಸಿಕ್ಕಿದ ಜಾಗ ಪಕ್ಕದಲ್ಲೇ ಇರುತ್ತದೆ. ಒಳಗೆ ಶಿಲ್ಪ ನೋಡಿ, ಹೊರಗೆ ಬಂದು ಗುಡಿ ನೋಡಬಹುದು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ 1865ರಲ್ಲಿ ಶುರುವಾದದ್ದು, ದೇಶದ ಹಳೆಯ ಮ್ಯೂಸಿಯಂಗಳಲ್ಲೊಂದು.

ನಮ್ಮ ಹೊಲದಲ್ಲಿ ಸಿಕ್ಕರೆ?

ಮ್ಯೂಸಿಯಂಗೆ ಹೋದ ಎಷ್ಟೋ ವಸ್ತುಗಳು ಮೊದಲು ಕಂಡಿದ್ದು ತಜ್ಞರಿಗಲ್ಲ, ರೈತರಿಗೆ. 1974ರಲ್ಲಿ ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ ದೈಮಾಬಾದ್‌ನಲ್ಲಿ ಗಿಡದ ಬುಡ ಅಗೆಯುತ್ತಿದ್ದ ಒಬ್ಬ ರೈತನಿಗೆ ಕಂಚಿನ ರಥ, ಆನೆ, ಘೇಂಡಾಮೃಗ, ಎಮ್ಮೆಯ ಬೊಂಬೆಗಳು ಸಿಕ್ಕವು. ವಿಷಯ ಇಲಾಖೆಗೆ ತಲುಪಿತು, ವಸ್ತುಗಳು ಉಳಿದವು, ಆ ಊರಿನ ಹೆಸರು ಇತಿಹಾಸದ ಪುಸ್ತಕ ಸೇರಿತು.

2000ನೇ ಇಸವಿಯಲ್ಲಿ ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಮಂಡಿ ಗ್ರಾಮದಲ್ಲಿ ಆದದ್ದು ಬೇರೆ. ಹೊಲ ಮಟ್ಟ ಮಾಡುವಾಗ ಹರಪ್ಪ ಕಾಲದ ಚಿನ್ನದ ಒಡವೆಗಳು ಹೊರಬಂದವು. ಸುದ್ದಿ ಹಬ್ಬಿ, ಪೊಲೀಸರು ಬರುವಷ್ಟರಲ್ಲಿ ಜನ ಕೈಗೆ ಸಿಕ್ಕಿದ್ದನ್ನು ಹೊತ್ತೊಯ್ದರು. ಸರ್ಕಾರದ ಕೈಗೆ ಬಂದದ್ದು ಒಂದು ಪಾಲು ಮಾತ್ರ. ಕರಗಿಸಿದ ಚಿನ್ನಕ್ಕೆ ಆ ದಿನದ ಗ್ರಾಮ್ ರೇಟು ಸಿಕ್ಕೀತು, ಅಷ್ಟೇ. ಸಾವಿರಾರು ವರ್ಷದ ಕಥೆ ಮೂಸೆಯಲ್ಲೇ ಹೋಯಿತು.

ಕಾನೂನು ಏನು ಹೇಳುತ್ತದೆ? ನೆಲದಲ್ಲಿ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಎಂಬ ಕೇಂದ್ರದ ಕಾಯ್ದೆ 1878ರಷ್ಟು ಹಳೆಯದು. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಇದೆ. ಸಿಕ್ಕಿದ್ದನ್ನು ಮುಚ್ಚಿಡುವುದು ಅಪರಾಧ. ಇನ್ನು 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷಕ್ಕಿಂತ ಹಳೆಯ ಶಿಲ್ಪ, ನಾಣ್ಯ, ಶಾಸನ ಇತ್ಯಾದಿ 'ಪ್ರಾಚ್ಯವಸ್ತು'. ಹಸ್ತಪ್ರತಿಗಳಿಗೆ 75 ವರ್ಷ ಸಾಕು. ಲೈಸೆನ್ಸ್ ಇಲ್ಲದೆ ಇವುಗಳ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಚಿನ್ನ-ಬೆಳ್ಳಿ ಅಂಗಡಿಯವರು, ಹಳೇ ಸಾಮಾನು ಕೊಳ್ಳುವವರು ಇದನ್ನು ಗಮನದಲ್ಲಿಡಬೇಕು. ಮನೆ ಮುರಿದಾಗ ಸಿಕ್ಕ ನಾಣ್ಯ, ಮಣ್ಣು ಮೆತ್ತಿದ ವಿಗ್ರಹ ಕೌಂಟರ್‌ಗೆ ಬಂದರೆ ತೂಕ ಹಾಕುವ ಮೊದಲು ಯೋಚಿಸಬೇಕು.

ಪಾಯ ತೋಡುವಾಗ, ಜೆಸಿಬಿ ಕೆಲಸದಲ್ಲಿ, ಕೆರೆ ಹೂಳೆತ್ತುವಾಗ ಏನಾದರೂ ಸಿಕ್ಕರೆ ಮಾಡಬೇಕಾದದ್ದು ಇಷ್ಟು:

* ಕೆಲಸ ನಿಲ್ಲಿಸಿ. ವಸ್ತುವನ್ನು ಅಲ್ಲಾಡಿಸಬೇಡಿ.
* ಅದು ಇರುವ ಜಾಗದಲ್ಲೇ ಫೋಟೊ ತೆಗೆಯಿರಿ, ಸುತ್ತಲಿನ ಗುರುತು ಕಾಣುವ ಹಾಗೆ.
* ತೊಳೆಯಬೇಡಿ, ಉಜ್ಜಬೇಡಿ, ಎಣ್ಣೆ, ಪೇಂಟ್ ಹಚ್ಚಬೇಡಿ.
* ಗ್ರಾಮ ಪಂಚಾಯಿತಿ, ತಹಶೀಲ್ದಾರ್ ಅಥವಾ ಪೊಲೀಸ್ ಠಾಣೆಗೆ ತಿಳಿಸಿ, ಲಿಖಿತವಾಗಿ ಕೊಟ್ಟು ಪ್ರತಿ ಇಟ್ಟುಕೊಳ್ಳಿ. ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿದೆ.

ನಿಧಿ ಮಾತ್ರ ಅಲ್ಲ. ಊರ ಮುಂದಿನ ವೀರಗಲ್ಲು, ಕೆರೆ ಏರಿಯ ಶಾಸನ, ಬಟ್ಟೆ ಒಗೆಯುವ ಕಲ್ಲಾಗಿಹೋದ ಮಾಸ್ತಿಗಲ್ಲು, ಇವೂ ಅದೇ ಲೆಕ್ಕಕ್ಕೆ ಸೇರಿದವು. ಬೇಲೂರು ತಾಲ್ಲೂಕಿನ ಹಲ್ಮಿಡಿ ಒಂದು ಸಣ್ಣ ಹಳ್ಳಿ. ಅಲ್ಲಿನ ವೀರಭದ್ರ ದೇವಸ್ಥಾನದ ಮುಂದಿದ್ದ ಒಂದು ಕಲ್ಲನ್ನು 1930ರ ದಶಕದಲ್ಲಿ ಡಾ. ಎಂ.ಎಚ್. ಕೃಷ್ಣ ಓದಿದರು. ಕನ್ನಡದ ಅತಿ ಹಳೆಯ ಶಾಸನಗಳ ಸಾಲಿನಲ್ಲಿ ನಿಲ್ಲುವ ಕಲ್ಲು ಅದು. ಮೂಲ ಕಲ್ಲು ಮೈಸೂರಿಗೆ ಹೋಯಿತು, ಊರಲ್ಲಿ ಅದರ ಪ್ರತಿ ನಿಂತಿದೆ. ಆದರೆ ಶಾಸನಕ್ಕೆ ಇಂದಿಗೂ ಹಲ್ಮಿಡಿಯದೇ ಹೆಸರು. ಸಿಕ್ಕ ಜಾಗ ದಾಖಲಾದ್ದರಿಂದ ಊರಿಗೆ ಸಂದ ಪಾಲು ಅದು.

ಹಳೇ ಮೈಸೂರು ಭಾಗದ ಸಾವಿರಾರು ಶಾಸನಗಳನ್ನು ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ತಾಲ್ಲೂಕುವಾರು ನಂಬರ್ ಹಾಕಿ ಪ್ರಕಟಿಸಿದ್ದಾರೆ. ನಿಮ್ಮ ಊರಿನ ಕಲ್ಲಿಗೂ ಒಂದು ನಂಬರ್ ಇರಬಹುದು. ಜಿಲ್ಲಾ ಗ್ರಂಥಾಲಯದಲ್ಲೋ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗದಲ್ಲೋ ಒಮ್ಮೆ ಕೇಳಿ ನೋಡಿ. ಪುಸ್ತಕದಲ್ಲಿರುವ ಕಲ್ಲು ಇನ್ನೂ ಹೇಳಿದ ಜಾಗದಲ್ಲೇ ಇದೆಯೇ ಎಂದು ಹೋಗಿ ನೋಡಲು ದೆಹಲಿ ಟಿಕೆಟ್ ಬೇಕಿಲ್ಲ, ಒಂದು ಭಾನುವಾರ ಬೆಳಗ್ಗೆ ಬಿಡುವು ಮಾಡಿಕೊಂಡರೆ ಸಾಕು.